ಗೃಹಸ್ಥರ ಚಾವಡಿ: ತೆರೆಯದ ಡಿಕ್ಕಿ

ಮೋಟಾರು ಬಂಡಿಯ ಬೆನ್ನಿನ ಕಡೆಯಲ್ಲಿ ಸಾಮಾನು ಇಡುವುದಕ್ಕಾಗಿರುವ ಪೆಟ್ಟಿಗೆಗೆ ನಮ್ಮ ಜನರು ‘ಡಿಕ್ಕಿ’ ಎಂದು ಹೆಸರಿಟ್ಟಿರುವರು. ಈ ಹೆಸರು ಬಂದ ದಾರಿಯನ್ನು ವಿಚಾರಿಸಿದರೆ ಸ್ವಲ್ಪ ವಿನೋದವುಂಟು. ಹಿಂದಿನ ಕಾಲದ ಇಂಗ್ಲಿಷ್ ಮೋಟಾರುಗಳಲ್ಲಿ ಹಿಂಬದಿಯ ಮುಚ್ಚಳವನ್ನೆತ್ತಿದರೆ ಒಳಗಿನಿಂದ ಒಂದು ಚಿಕ್ಕ ಆಸನವು ತೆರೆದುಕೊಳ್ಳುತ್ತಿತ್ತು. ಅದನ್ನು ಅವರು ‘ಡಿಕಿ’ ಎನ್ನುತ್ತಿದ್ದರು. ಆಸನವು ಕಾಲಕ್ರಮದಲ್ಲಿ ಮಾಯವಾಯಿತು. ಹೆಸರು ಮಾತ್ರ ನಮ್ಮ ದೇಶದಲ್ಲಿ ನಿಂತಿತು. ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ಉಳಿಯುವುದೆಂದು ವೈಯಾಕರಣರು ಹೇಳುವುದಿಲ್ಲವೆ, ಹಾಗೆ. ಇಂಗ್ಲೆಂಡಿನವರು ಈಗ ಇದನ್ನು ‘ಬೂಟು’ ಎನ್ನುವರು, ಅಮೆರಿಕದವರು ‘ಟ್ರಂಕು’ ಎನ್ನುವರು. ನಮಗಾದರೋ ಬೂಟು ಕಾಲಿಗೆ ಸೇರಿದ್ದು, ಟ್ರಂಕು ಅಜ್ಜಿಯ ಮಂಚದ ಕೆಳಗಿರತಕ್ಕದ್ದು. ಇಷ್ಟೇ ಅಲ್ಲದೆ ಕನ್ನಡದಲ್ಲಿ ‘ಡಿಕ್ಕಿ’ ಎಂದರೆ ಒಂದಕ್ಕೊಂದು ಬಡಿಯುವುದು ಎಂಬ ಬೇರೊಂದು ಅರ್ಥವೂ ಇರುವುದು ಸರ್ವವಿದಿತ. ಹೊರವರ್ತುಲ ರಸ್ತೆಯಲ್ಲಿ ಹಿಂದಿನ ಬಂಡಿಯು ಮುಂದಿನ ಬಂಡಿಯ ಡಿಕ್ಕಿಗೆ ಡಿಕ್ಕಿ ಹೊಡೆಯಿತೆಂದು ಹೇಳುವಾಗ ಯಮಕಾಲಂಕಾರವು ತಾನಾಗಿಯೇ ಒದಗುವುದು. ಬಂಡಿಯ ಯಜಮಾನನಿಗೆ ಮಾತ್ರ ಆ ಹೊತ್ತಿನಲ್ಲಿ ಅಲಂಕಾರದಲ್ಲಿ ಮನಸ್ಸಿರುವುದಿಲ್ಲ.

ಈ ತಿಂಗಳು ಡಿಕ್ಕಿಯ ವಿಷಯವನ್ನು ಎತ್ತಿಕೊಳ್ಳಲು ಕಾರಣವಿಲ್ಲದಿಲ್ಲ. ನಾನು ವಾಸವಾಗಿರುವ ವೈಟ್‌ಫೀಲ್ಡ್ ಗ್ರಾಮವು ೧೮೮೨ರಲ್ಲಿ, ಚಾಮರಾಜೇಂದ್ರ ಒಡೆಯರವರು ದಯಪಾಲಿಸಿದ ಭೂಮಿಯಲ್ಲಿ, ಡಿ. ಎಸ್. ವೈಟ್ ಎಂಬವರ ಪ್ರಯತ್ನದಿಂದ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕಾಗಿ ಏರ್ಪಟ್ಟ ನೆಲೆ. ಅಂದು ಎತ್ತಿನ ಗಾಡಿ ಹರಿಯುತ್ತಿದ್ದ ದಾರಿಯಲ್ಲಿ ಈಗ ಮೋಟಾರುಗಳು ಒಂದರ ಬಾಲವನ್ನೊಂದು ಮೂಸಿಕೊಂಡು ನಿಂತಿರುತ್ತವೆ. ೨೦೨೩ರಲ್ಲಿ ಮೆಟ್ರೋ ರೈಲು ನಮ್ಮೂರಿನವರೆಗೆ ಬಂದಿತು. ೨೦೨೫ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೂ ಹೋಯಿತು. ಆದರೂ ಬಂಡಿಗಳು ಕಡಿಮೆಯಾದಂತೆ ಕಾಣುವುದಿಲ್ಲ. ಹೀಗಿರಲು ಮನೆಯ ಕದ, ಬೀರು, ಗೋದಣಿಗೆಗಳ ಬೀಗಗಳಂತೆಯೇ ಡಿಕ್ಕಿಯ ಬೀಗವೂ ಗೃಹಕೃತ್ಯದೊಳಗಿನ ವಿಷಯವಾಗಿದೆ. ಎತ್ತಿನ ಗಾಡಿಯಲ್ಲಿ ಈ ತೊಂದರೆಯಿರಲಿಲ್ಲವೆಂದು ನನ್ನ ಮಿತ್ರರೊಬ್ಬರು ಹೇಳುತ್ತಾರೆ. ನಿಜವೇ, ಆದರೆ ಅದರಲ್ಲಿ ಸಾಮಾನು ನೆನೆಯುತ್ತಿತ್ತೆಂಬುದನ್ನು ಅವರು ಹೇಳುವುದಿಲ್ಲ.

ಮೊದಲು ಈ ಬೀಗದ ರಚನೆಯನ್ನು ತಿಳಿದುಕೊಳ್ಳೋಣ. ಡಿಕ್ಕಿಯನ್ನು ತೆರೆದು ನೋಡಿದರೆ ಒಂದು ಕಡೆ ಕುದುರೆ ಲಾಳದಂತೆ ಬಾಗಿದ ಗಟ್ಟಿ ಕಬ್ಬಿಣದ ಕುಣಿಕೆಯೂ, ಅದಕ್ಕೆದುರಾಗಿ ಮುಚ್ಚಳದಲ್ಲಿ ಏಡಿಯ ಕೊಂಬಿನಂತಹ ಒಂದು ತಿರುಗುವ ಕೊಕ್ಕೆಯೂ ಕಾಣುತ್ತವೆ. (ಕೆಲವು ಬಂಡಿಗಳಲ್ಲಿ ಕೊಕ್ಕೆಯು ಕೆಳಗೆ, ಕುಣಿಕೆಯು ಮೇಲೆ ಇರುವುದುಂಟು.) ಮುಚ್ಚಳವನ್ನು ಹಾಕಿದೊಡನೆ ಕೊಕ್ಕೆಯು ತಿರುಗಿ ಕುಣಿಕೆಯನ್ನು ಹಿಡಿಯುವುದು, ಹಿಡಿದ ಕೊಕ್ಕೆಯು ಹಿಂದಕ್ಕೆ ತಿರುಗದಂತೆ ಒಂದು ಸಣ್ಣ ಹಲ್ಲು ಅದಕ್ಕೆ ಅಡ್ಡ ನಿಲ್ಲುವುದು. ಡಿಕ್ಕಿಯನ್ನು ತೆರೆಯುವುದೆಂದರೆ ಈ ಹಲ್ಲನ್ನು ಪಕ್ಕಕ್ಕೆ ಸರಿಸುವುದು, ಅಷ್ಟೆ. ಸರಿಸತಕ್ಕ ಉಪಾಯಗಳು ಮೂರು ವಿಧ. ಹೊರಗಿನಿಂದ ಬೀಗದ ಕೈ ಹಾಕಿ ತಿರುಗಿಸುವುದು ಒಂದು. ಚಾಲಕನ ಆಸನದ ಪಕ್ಕದಲ್ಲಿರುವ ಹಿಡಿಯನ್ನೆಳೆದರೆ, ಅಲ್ಲಿಂದ ಬಂಡಿಯ ಉದ್ದಕ್ಕೂ ಹಾಯ್ದು ಬಂದ ತಂತಿಯು ಹಲ್ಲನ್ನು ಎಳೆಯುವುದು ಮತ್ತೊಂದು. ಇದು ಬೈಸಿಕಲ್ಲಿನ ಬ್ರೇಕಿನಲ್ಲಿರುವ ಕೊಳವೆತಂತಿಯೇ, ೧೮೯೬ರಲ್ಲಿ ಬೌಡನ್ ಎಂಬವನು ಹಕ್ಕುಪತ್ರ ಪಡೆದದ್ದು. ಮೂರನೆಯದು ವಿದ್ಯುತ್ತಿನ ಉಪಾಯ: ಗುಂಡಿಯನ್ನೊತ್ತಿದರೆ ಬೀಗದೊಳಗಿನ ಚಿಕ್ಕ ಯಂತ್ರವು ಹಲ್ಲನ್ನು ಸರಿಸುವುದು. ಈಚಿನ ಬಂಡಿಗಳಲ್ಲಿ ಬಹುಮಟ್ಟಿಗೆ ಈ ಮೂರನೆಯ ಕ್ರಮವೇ ಇದೆ. ಅನೇಕವುಗಳಲ್ಲಿ ಬೀಗದ ಕೈ ಹಾಕುವ ತೂತನ್ನೇ ತೆಗೆದುಹಾಕಿರುವರು. ನೋಡುವುದಕ್ಕೆ ಅಂದವಾಯಿತು, ಮುನಿದಾಗ ಒಲಿಸಿಕೊಳ್ಳುವ ಒಂದು ದಾರಿ ಮುಚ್ಚಿಹೋಯಿತು.

ಬೀಗವೆಂಬ ಶಬ್ದಕ್ಕೂ ಕನ್ನಡದಲ್ಲಿ ಎರಡರ್ಥವುಂಟಷ್ಟೆ. ಮುನಿದ ಬೀಗರನ್ನು ತೋಳ್ಬಲದಿಂದ ಒಲಿಸಿಕೊಂಡವರನ್ನು ನಾನು ಕಂಡಿಲ್ಲ. ಡಿಕ್ಕಿಯ ಬೀಗದ ವಿಷಯದಲ್ಲಿಯೂ ಹಾಗೆಯೇ ಎಂಬುದಕ್ಕೆ ನಮ್ಮ ಬೀದಿಯಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ.

ನಮ್ಮ ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ವೃದ್ಧ ಮಾತೆಯೊಬ್ಬರಿದ್ದಾರೆ. ಮೂತ್ರಪಿಂಡಗಳ ಶಕ್ತಿ ಕುಂದಿರುವುದರಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗಿ ಬರಬೇಕು. ಹೋಗುವಾಗ ಹೇಗೋ ಹೋಗುವರು. ಬರುವಾಗ ಕಾಲಲ್ಲಿ ತ್ರಾಣವಿರುವುದಿಲ್ಲ. ಅದಕ್ಕಾಗಿ ಮಡಿಸುವ ಗಾಲಿಕುರ್ಚಿಯೊಂದನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗುವುದು ವಾಡಿಕೆ. ಒಂದು ಮಳೆಯ ಸಂಜೆ ಬಂಡಿಯು ಮನೆಯ ಮುಂದೆ ಬಂದು ನಿಂತಿತು, ಡಿಕ್ಕಿಯು ತೆರೆಯಲೊಲ್ಲದು. ಗಾಲಿಕುರ್ಚಿಯೂ ಒಳಗೆ, ರಾತ್ರಿಯ ಔಷಧಗಳ ಚೀಲವೂ ಒಳಗೆ. ಮಗನು ತಂತ್ರಾಂಶದ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿರುವವನು, ಬುದ್ಧಿವಂತ, ತಾಯಿಯನ್ನು ಬಹಳ ಅಕ್ಕರೆಯಿಂದ ನೋಡಿಕೊಳ್ಳುವವನು. ಆ ಅಕ್ಕರೆಯೇ ಗಾಬರಿಯಾಗಿ, ಆಸನದ ಪಕ್ಕದ ಹಿಡಿಯನ್ನು ಹತ್ತು ಸಲ, ಇಪ್ಪತ್ತು ಸಲ ಜಗ್ಗಿದನು. ಆಮೇಲೆ ಕಬ್ಬಿಣದ ಸಲಾಕೆ ಸಿಕ್ಕುವುದೇ ಎಂದು ನನ್ನನ್ನು ಕೇಳಿದನು. ಸಲಾಕೆಯಿಂದ ಮುಚ್ಚಳದ ಅಂಚನ್ನು ಮೀಟಿದರೆ ಬೀಗವು ತೆರೆಯುವುದಿಲ್ಲ, ಅಂಚು ಮಾತ್ರ ಸೊಟ್ಟಗಾಗಿ ಮುಂದೆ ಪ್ರತಿ ಮಳೆಯಲ್ಲಿಯೂ ಒಳಗೆ ನೀರು ಸೋರುವುದೆಂದು ನಾನು ಹೇಳುತ್ತಿದ್ದೆನು. ಅಷ್ಟರಲ್ಲಿ ಒಳಗೆ ಕುಳಿತಿದ್ದ ಆ ತಾಯಿ, “ಕುರ್ಚಿ ಅದರ ಪಾಡಿಗೆ ಅಲ್ಲೇ ಇರಲಿ ಕಣಪ್ಪ, ನನ್ನನ್ನ ಮೊದಲು ಒಳಗೆ ಕರ್ಕೊಂಡು ಹೋಗ್ರಪ್ಪ” ಎಂದರು. ನಮ್ಮಿಬ್ಬರಿಗೂ ಹೊಳೆಯದಿದ್ದುದು ಆಕೆಗೆ ಹೊಳೆಯಿತು. ಮನೆಯಿಂದ ಪ್ಲಾಸ್ಟಿಕ್ ಕುರ್ಚಿಯನ್ನು ತಂದು, ಅವರನ್ನು ಅದರಲ್ಲಿ ಕೂರಿಸಿ, ಇಬ್ಬರು ತರುಣರು ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದರು.

ಔಷಧದ ಚೀಲವು ಇನ್ನೂ ಡಿಕ್ಕಿಯಲ್ಲಿಯೇ ಇತ್ತು. ಕಾಡುಗೋಡಿಯ ಕಡೆಯಿಂದ ಗ್ಯಾರೇಜಿನ ಹುಡುಗನೊಬ್ಬನು ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದನು. ಬಂದವನು ಯಾವ ಸಲಕರಣೆಯನ್ನೂ ಹೊರಗೆ ತೆಗೆಯಲಿಲ್ಲ. “ಸಾರ್, ಆ ಲಿವರ್ ಜೋರಾಗಿ ಎಳೀಬೇಡಿ, ಕೇಬಲ್ ಕಿತ್ತುಹೋದ್ರೆ ಆಮೇಲೆ ದೊಡ್ಡ ಕೆಲ್ಸ. ಮೇಷ್ಟ್ರೇ, ನೀವು ಇಲ್ಲಿ ಮುಚ್ಚಳದ ಮೇಲೆ ಎರಡು ಕೈಲೂ ಒತ್ತಿ ಹಿಡ್ಕೊಳಿ. ಸಾರ್, ಈಗ ಮೆಲ್ಲಗೆ ಎಳೀರಿ” ಎಂದನು. ನಾನು ಒತ್ತಿದೆನು, ಮಗನು ಎಳೆದನು, ‘ಟಕ್’ ಎಂದು ಡಿಕ್ಕಿಯು ತೆರೆಯಿತು. ನೋಡಿದರೆ ಗಾಲಿಕುರ್ಚಿಯ ಕಾಲುಹಲಗೆಯು ಓರೆಯಾಗಿ ನಿಂತು ಮುಚ್ಚಳವನ್ನು ಒಳಗಿನಿಂದ ಮೇಲಕ್ಕೆ ನೂಕುತ್ತಿತ್ತು. ನೂಕಿದಷ್ಟೂ ಕೊಕ್ಕೆಯು ಅಡ್ಡಹಲ್ಲನ್ನು ಬಲವಾಗಿ ಅಮುಕುವುದು. ಅಮುಕಿದ ಹಲ್ಲು ಸರಿಯುವುದೆಂತು? ಮೇಲಿನಿಂದ ಮುಚ್ಚಳವನ್ನೊತ್ತಿದಾಗ ಆ ಭಾರ ಇಳಿದು ಹಲ್ಲು ಸಡಿಲವಾಯಿತು. ಹುಡುಗನು ೨೦೦ ರೂಪಾಯಿ ಕೇಳಿದನು. ಎರಡು ನಿಮಿಷದ ಕೆಲಸಕ್ಕೆ ಇಷ್ಟೇ ಎಂದು ಯಾರೋ ಗೊಣಗಿದರು. ವೈದ್ಯನು ನಾಡಿ ಹಿಡಿಯುವುದೂ ಎರಡೇ ನಿಮಿಷ. ಆ ಹಣವು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಆದಕಾರಣ ವಾಚಕರು ಮೊಟ್ಟಮೊದಲು ಮಾಡತಕ್ಕದ್ದು ಇದೇ: ಒಬ್ಬರು ಬೀಗವಿರುವ ಜಾಗದಲ್ಲಿ, ಎಂದರೆ ಮುಚ್ಚಳದ ಅಂಚಿನ ನಡುವೆ, ಅಂಗೈಗಳಿಂದ ಸಮವಾಗಿ ಒತ್ತಬೇಕು, ಇನ್ನೊಬ್ಬರು ಅದೇ ಹೊತ್ತಿಗೆ ಹಿಡಿಯನ್ನೆಳೆಯಬೇಕು ಅಥವಾ ಗುಂಡಿಯನ್ನೊತ್ತಬೇಕು. ಯುಗಾದಿಗೋ ದಸರೆಗೋ ಊರಿಗೆ ಹೊರಟಾಗ ಅಕ್ಕಿಚೀಲ, ತೆಂಗಿನಕಾಯಿ, ಮಕ್ಕಳ ಹಾಸಿಗೆಗಳನ್ನೆಲ್ಲ ತುರುಕಿ ಮೊಣಕಾಲಿನಿಂದ ಅದುಮಿ ಮುಚ್ಚಿದ ಡಿಕ್ಕಿಗಳಿಗೆ ಇದಕ್ಕಿಂತ ಬೇರೆ ಔಷಧವು ಅಪರೂಪವಾಗಿ ಬೇಕಾಗುವುದು.

ಇದರಿಂದಲೂ ತೆರೆಯದಿದ್ದರೆ ಕಿವಿಯನ್ನು ಉಪಯೋಗಿಸಬೇಕು. ವಿದ್ಯುತ್ತಿನ ಬೀಗವಾದರೆ ಗುಂಡಿಯನ್ನೊತ್ತಿ ಡಿಕ್ಕಿಯ ಹತ್ತಿರ ಕಿವಿಗೊಟ್ಟು ಆಲಿಸಿರಿ. ಒಳಗೆ ‘ಟಕ್’ ಎಂದೋ ‘ಗುರ್’ ಎಂದೋ ಸದ್ದಾದರೆ ವಿದ್ಯುತ್ತು ಬರುತ್ತಿದೆ, ಅಡಚಣೆಯು ಕಬ್ಬಿಣದಲ್ಲಿದೆ. ಏನೂ ಸದ್ದಿಲ್ಲದಿದ್ದರೆ ವಿದ್ಯುತ್ತೇ ಬರುತ್ತಿಲ್ಲ. ಆಗ ರಿಮೋಟಿನೊಳಗಿನ ನಾಣ್ಯದಾಕಾರದ ಸೆಲ್ಲನ್ನು ಮೊದಲು ಸಂಶಯಿಸಬೇಕು. ಸಾಮಾನ್ಯವಾಗಿ ಅದು ಸಿಆರ್ ೨೦೩೨ ಎಂಬ ಗುರುತಿನ, ೩ ವೋಲ್ಟಿನದು, ಯಾವ ಅಂಗಡಿಯಲ್ಲಿಯೂ ಸಿಕ್ಕುವಂಥದು. ಅನೇಕ ರಿಮೋಟುಗಳ ಹೊಟ್ಟೆಯಲ್ಲಿ ತೆಳ್ಳಗಿನ ಉಕ್ಕಿನ ಬೀಗದ ಕೈಯೊಂದು ಅಡಗಿರುತ್ತದೆ. ಪಕ್ಕದ ಚಿಕ್ಕ ಗುಬುಟನ್ನು ಸರಿಸಿದರೆ ಹೊರಗೆ ಬರುವುದು. ಬಂಡಿಯನ್ನು ಕೊಂಡು ಐದಾರು ವರ್ಷವಾದರೂ ಇದನ್ನರಿಯದ ಗೃಹಸ್ಥರನ್ನು ಕಂಡಿದ್ದೇನೆ. ಚಾಲಕನ ಕದದ ಹಿಡಿಯಲ್ಲಿ ಅದಕ್ಕೆ ತಕ್ಕ ತೂತಿರುವುದು, ಕೆಲವು ಬಂಡಿಗಳಲ್ಲಿ ಆ ತೂತಿನ ಮೇಲೆ ಒಂದು ಮುಚ್ಚಳವೂ ಇರುವುದು. ಕೆಲವದರಲ್ಲಿ ಮುಂದಿನ ಖಾನೆಯೊಳಗೆ ಡಿಕ್ಕಿಯನ್ನು ಮಾತ್ರ ಬಂಧಿಸಿಡುವ ಬೇರೆ ಗುಂಡಿಯಿರುವುದುಂಟು. ಹೋಟೆಲಿನ ಬಾಗಿಲಲ್ಲಿ ಬಂಡಿಯನ್ನು ಬೇರೆಯವರ ಕೈಗೆ ಕೊಡುವಾಗ ಉಪಯೋಗಕ್ಕೆ ಬರಲೆಂದು ಮಾಡಿದ್ದು. ಮಕ್ಕಳ ಬೆರಳು ತಾಗಿ ಅದು ಒತ್ತಿಹೋದರೆ ಇಡೀ ಮನೆಯು ಡಿಕ್ಕಿ ಕೆಟ್ಟಿತೆಂದು ಕಂಗೆಡುವುದು.

ರಿಮೋಟು ಸರಿಯಿದ್ದರೆ ಬಂಡಿಯ ಬ್ಯಾಟರಿ. ೨೦೨೦ರ ಮಹಾವ್ಯಾಧಿಯ ಕಾಲದಿಂದ ಈಚೆಗೆ ನಮ್ಮ ಈ ಪ್ರಾಂತದಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಪದ್ಧತಿ ಬಂದು, ಬಂಡಿಗಳು ವಾರಗಟ್ಟಲೆ ನೆಲಮಾಳಿಗೆಯಲ್ಲಿ ಮುಸುಕು ಹೊದ್ದು ನಿದ್ರಿಸುತ್ತವೆ. ಬಂಡಿಯು ನಿದ್ರಿಸಿದರೂ ಅದರ ಕಾವಲಿನ ಗಂಟೆ, ಗಡಿಯಾರ ಮೊದಲಾದವುಗಳು ಎಚ್ಚರವಿದ್ದು ವಿದ್ಯುತ್ತನ್ನು ಹನಿಹನಿಯಾಗಿ ಹೀರುತ್ತಿರುತ್ತವೆ. ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ೧೨ಕ್ಕೆ ಇಳಿದರೆ ಅದು ಬರಿದಾದಂತೆಯೇ. ಆಗ ಮತ್ತೊಂದು ಬಂಡಿಯ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನ್ನನ್ನು ಎಬ್ಬಿಸಿದರೆ ಡಿಕ್ಕಿಯೂ ತಾನಾಗಿ ಏಳುವುದು. ಕೆಂಪು ತಂತಿಯು ಎರಡು ಬ್ಯಾಟರಿಗಳ ಕೂಡಿಸುವ ಗುರುತಿನ ತುದಿಗಳಿಗೆ; ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಕಳೆಯುವ ಗುರುತಿಗೆ, ಇನ್ನೊಂದು ತುದಿ ಕೆಟ್ಟ ಬಂಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಕೆಟ್ಟ ಬ್ಯಾಟರಿಗೇ ಅದನ್ನು ತಾಗಿಸಿದರೆ ಕಿಡಿ ಹಾರಿ ಅಪಾಯವಾಗಬಹುದು. ಕೆಲವು ದೊಡ್ಡ ಬಂಡಿಗಳಲ್ಲಿ ಬ್ಯಾಟರಿಯನ್ನೇ ಡಿಕ್ಕಿಯೊಳಗೆ ಇಟ್ಟಿರುವರು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಹ ಕಥೆ! ಆದರೆ ತಯಾರಿಸಿದವರು ಇದನ್ನು ಯೋಚಿಸದೆ ಬಿಟ್ಟಿಲ್ಲ; ತಂತಿ ಕೊಡುವುದಕ್ಕೆ ಬೇಕಾದ ತುದಿಗಳನ್ನು ಮುಂದಿನ ಬಾನೆಟ್ಟಿನ ಕೆಳಗೆ ಬೇರೆಯಾಗಿ ಒದಗಿಸಿರುತ್ತಾರೆ.

ಕೇವಲ ವಿದ್ಯುತ್ತಿನಿಂದಲೇ ಓಡುವ ಬಂಡಿಗಳ ಯಜಮಾನರು ಇಲ್ಲಿ ಒಂದು ವಿಶೇಷವನ್ನು ತಿಳಿಯಬೇಕು. ಇಂತಹ ಬಂಡಿ ನಮ್ಮವರಿಗೆ ತೀರ ಹೊಸದಲ್ಲ. ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಬೊಮ್ಮಸಂದ್ರದಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಬಂಡಿಯು ೨೦೦೧ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಈಗಿನ ವಿದ್ಯುತ್ ಬಂಡಿಗಳಲ್ಲಿ ಚಕ್ರಗಳನ್ನೋಡಿಸುವ ಮಹಾ ಬ್ಯಾಟರಿಯಲ್ಲದೆ ಬಾಗಿಲು, ದೀಪ, ಬೀಗಗಳಿಗೆ ೧೨ ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಬೇರೆ ಇರುವುದು. ಮಹಾ ಬ್ಯಾಟರಿಯು ತುಂಬಿದ್ದರೂ ಚಿಕ್ಕದು ಬರಿದಾದರೆ ಬಂಡಿಯು ಕದವನ್ನೂ ತೆರೆಯದು, ಡಿಕ್ಕಿಯನ್ನೂ ತೆರೆಯದು. ಅರಮನೆಯ ಉಗ್ರಾಣ ತುಂಬಿದ್ದರೂ ದ್ವಾರಪಾಲಕನು ಹಸಿದು ಮಲಗಿದಂತೆ.

ಇನ್ನು ಕಬ್ಬಿಣದ ಕಡೆಯ ರೋಗಗಳಿಗೆ ಬರೋಣ. ನಮ್ಮ ಹೊರವಲಯಗಳಲ್ಲಿ ಧೂಳೇ ಮೊದಲ ಶತ್ರು. ವೈಟ್‌ಫೀಲ್ಡಿನಲ್ಲಿ ಕಟ್ಟಡಗಳ ಸಿಮೆಂಟು, ಪೀಣ್ಯದಲ್ಲಿ ಕಾರ್ಖಾನೆಗಳ ಮಸಿ ಮತ್ತು ಕಬ್ಬಿಣದ ಅರದ ಪುಡಿ. ಬೀಗದ ಗ್ರೀಸಿನಲ್ಲಿ ಇವು ಕಲಸಿ ಮಳೆಯ ತೇವದಲ್ಲಿ ಗಾರೆಯಾಗುವವು. ಇದಕ್ಕೆ ಕೊಬ್ಬರಿ ಎಣ್ಣೆ ಹಾಕುವ ಪದ್ಧತಿಯನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ, ದಯವಿಟ್ಟು ಹಾಕಬೇಡಿರಿ. ಮಾಗಿಯ ಚಳಿಯಲ್ಲಿ ಅದು ಹೆಪ್ಪುಗಟ್ಟುವುದು, ಹಳೆಯದಾದಾಗ ಅಂಟಾಗುವುದು, ಅಂಟಿನ ಮೇಲೆ ಮತ್ತಷ್ಟು ಧೂಳು ಕೂರುವುದು. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸೀಸೆಯ ಸಣ್ಣ ನಳಿಕೆಯಿಂದ ಬೀಗದ ಸಂದಿಗೆ ಸಿಂಪಡಿಸಿ, ಹದಿನೈದು ನಿಮಿಷ ಕಾದು, ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತ ಪ್ರಯತ್ನಿಸಬೇಕು. ಬೀಗದ ಕೈಯ ತೂತಿಗಾದರೆ ಎಣ್ಣೆಗಿಂತ ಪೆನ್ಸಿಲ್ಲಿನ ಕಪ್ಪು ಪುಡಿಯೇ ಒಳ್ಳೆಯದು. ಗ್ರಾಫೈಟ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿಯೂ ಸಿಕ್ಕುತ್ತದೆ. ತೆರೆದ ಮೇಲೆ ಹಳೆಯ ಗ್ರೀಸನ್ನೆಲ್ಲ ಒರೆಸಿ ತೆಗೆದು ಹೊಸದನ್ನು ತೆಳ್ಳಗೆ ಸವರಬೇಕು.

ಹಿಡಿಯನ್ನೆಳೆದಾಗ ಏನೊಂದು ತಡೆಯೂ ಇಲ್ಲದೆ ಸತ್ತ ಹಾವಿನಂತೆ ಕೈಗೆ ಬಂದರೆ ತಂತಿಯು ಹರಿದಿದೆ ಅಥವಾ ಕೊಂಡಿಯಿಂದ ಕಳಚಿದೆ ಎಂದು ತಿಳಿಯತಕ್ಕದ್ದು. ಕೊಳವೆಯೊಳಗಿನ ತಂತಿಯು ಕಣ್ಣಿಗೆ ಕಾಣದಂತೆ ಎಳೆ ಎಳೆಯಾಗಿ ತುಕ್ಕು ಹಿಡಿದು ಸವೆಯುವುದು; ಹೊರಗಿನವರಿಗೆ ಕೊನೆಯ ದಿನವೇ ತಿಳಿಯುವುದು. ಪೀಣ್ಯದ ಮೇಲುಸೇತುವೆಯ ಕಥೆಯನ್ನು ವಾಚಕರು ಮರೆತಿರಲಾರರು. ಅದರ ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳಲ್ಲಿ ದೋಷ ಕಂಡುಬಂದು ೨೦೨೧ರ ಡಿಸೆಂಬರಿನಲ್ಲಿ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಹಗುರ ವಾಹನಗಳಿಗೆ ೨೦೨೨ರ ಫೆಬ್ರವರಿಯಲ್ಲಿಯೂ ಭಾರದ ವಾಹನಗಳಿಗೆ ೨೦೨೪ರ ಜುಲೈಯಲ್ಲಿಯೂ ಮತ್ತೆ ಅವಕಾಶ ದೊರೆಯಿತು. ಮರೆಯಲ್ಲಿರುವ ತಂತಿಗಳ ಸ್ವಭಾವವೇ ಹಾಗೆ. ಡಿಕ್ಕಿಯ ತಂತಿಯು ಹಿಡಿಯ ಬುಡದಲ್ಲಿ ಹರಿದಿದ್ದರೆ, ಅಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ, ಉಳಿದ ತುದಿಯನ್ನು ಕಟಿಂಗ್ ಪ್ಲೇಯರಿನಿಂದ ಹಿಡಿದೆಳೆದರೆ ಡಿಕ್ಕಿಯು ತೆರೆಯುವುದು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನೆಂಬ ಕಳ್ಳನು ತನ್ನ ಯಜ್ಞೋಪವೀತದ ಪ್ರಯೋಜನಗಳನ್ನು ಎಣಿಸುವಾಗ, ಯಂತ್ರದಿಂದ ಬಿಗಿದ ಕದವನ್ನು ತೆರೆಯುವುದಕ್ಕೂ ಅದು ಒದಗುವುದೆಂದು ಹೊಗಳಿಕೊಳ್ಳುತ್ತಾನೆ. ದಾರವೊಂದರಿಂದ ಅಗುಳಿಯನ್ನೆಳೆಯುವ ಈ ವಿದ್ಯೆಯು ನಮ್ಮಲ್ಲಿ ಹಳೆಯದೆಂದಾಯಿತು. ಸ್ವಂತ ಬಂಡಿಯ ಮೇಲೆ ಪ್ರಯೋಗಿಸಿದರೆ ದೋಷವಿಲ್ಲ.

ತಂತಿಯು ಬೀಗದ ಬಳಿಯಲ್ಲಿಯೇ ಕಿತ್ತಿದ್ದರೆ ಒಳಗಿನ ದಾರಿಯೇ ಗತಿ. ಹಿಂದಿನ ಆಸನದ ಒರಗನ್ನು ಮುಂದಕ್ಕೆ ಮಡಿಸಿ, ಕೈದೀಪ ಹಿಡಿದು, ತೆಳ್ಳಗಿನ ಹುಡುಗನೊಬ್ಬನು ಡಿಕ್ಕಿಯೊಳಕ್ಕೆ ತೆವಳಬೇಕು. ಅನೇಕ ಬಂಡಿಗಳ ಹಿಂಬಾಗಿಲಿನ ಒಳಹೊದಿಕೆಯಲ್ಲಿ ಬೆರಳಗಲದ ಒಂದು ಕಿಂಡಿಯಿದ್ದು, ಅದರೊಳಗೆ ಸ್ಕ್ರೂ ಡ್ರೈವರಿನ ತುದಿಯನ್ನು ತೂರಿಸಿ ಪಕ್ಕಕ್ಕೆ ಸರಿಸಿದರೆ ಬೀಗವು ಬಿಡುವುದು. ಇದು ಎಲ್ಲಿದೆಯೆಂಬುದು ಬಂಡಿಯ ಜೊತೆಗೆ ಬಂದ ಪುಸ್ತಕದಲ್ಲಿ ಚಿತ್ರಸಹಿತ ಅಚ್ಚಾಗಿರುತ್ತದೆ. ಆ ಪುಸ್ತಕವನ್ನು ಡಿಕ್ಕಿಯಲ್ಲಿಡದೆ ಮುಂದಿನ ಖಾನೆಯಲ್ಲಿಡುವುದು ಲೇಸು. ಅನಿಲದಿಂದ ಓಡುವ ಬಾಡಿಗೆ ಬಂಡಿಗಳಲ್ಲಿ ಮಾತ್ರ ಈ ದಾರಿಯೂ ಕಷ್ಟ. ಸಿಎನ್‌ಜಿಯ ದಪ್ಪ ಉರುಳೆಯು ಆಸನದ ಬೆನ್ನಿಗೇ ಅಡ್ಡಲಾಗಿ ಮಲಗಿರುವುದು. ಆ ಉರುಳೆಯ ಬಾಯಿಯಲ್ಲಿ ಕೈಯಿಂದ ತಿರುಗಿಸಿ ಅನಿಲವನ್ನು ನಿಲ್ಲಿಸುವ ತಿರುಪು ಇರುವುದರಿಂದ, ಇಂತಹ ಬಂಡಿಯ ಡಿಕ್ಕಿ ತೆರೆಯದಿರುವುದು ಬರಿಯ ಅನನುಕೂಲವಲ್ಲ, ಅಪಾಯ. ಅನಿಲದ ವಾಸನೆ ಬಂದರೆ ಗುಂಡಿಯೊತ್ತಿ ಪರೀಕ್ಷಿಸುತ್ತ ನಿಲ್ಲದೆ, ಎಂಜಿನ್ನನ್ನು ಆರಿಸಿ, ಎಲ್ಲರನ್ನೂ ಇಳಿಸಿಕೊಂಡು ದೂರ ಹೋಗಬೇಕು.

ಪ್ರಸಂಗವಶಾತ್ ಒಂದು ಮಾತು. ಚಕ್ರದ ಗಾಳಿ ಹೋದಾಗ ಬೇಕಾಗುವ ‘ಸ್ಟೆಪ್ನಿ’, ಜಾಕಿ, ಕೆಂಪು ತ್ರಿಕೋನದ ಎಚ್ಚರಿಕೆಯ ಫಲಕ ಇವೆಲ್ಲ ಡಿಕ್ಕಿಯಲ್ಲಿಯೇ ಇರುತ್ತವಷ್ಟೆ. (ವೇಲ್ಸ್ ದೇಶದ ಲಾನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ೧೯೦೪ರಲ್ಲಿ ಹೆಚ್ಚುವರಿ ಚಕ್ರವನ್ನು ತಯಾರಿಸಿದ್ದರಿಂದ ಆ ಹೆಸರು. ಬೀದಿಯ ಹೆಸರು ಚಕ್ರಕ್ಕೆ, ಆಸನದ ಹೆಸರು ಪೆಟ್ಟಿಗೆಗೆ!) ನೆಲಮಂಗಲದ ಹೆದ್ದಾರಿಯಲ್ಲಿ ರಾತ್ರಿ ಗಾಳಿ ಹೋಗಿ, ಡಿಕ್ಕಿಯೂ ಮುಷ್ಕರ ಹೂಡಿದರೆ ಲಾರಿಗಳ ನಡುವೆ ಕುಟುಂಬದವರ ಗತಿಯೇನು? ಆದುದರಿಂದ ತ್ರಿಕೋನ ಫಲಕವನ್ನೂ ಕೈದೀಪವನ್ನೂ ಮುಂದಿನ ಆಸನದ ಕೆಳಗಿಟ್ಟುಕೊಳ್ಳುವುದು ವಿವೇಕ. ನಿತ್ಯ ಸೇವಿಸುವ ಔಷಧವನ್ನೂ ಹಾಗೆಯೇ ಮಡಿಲಿನಲ್ಲಿಟ್ಟುಕೊಳ್ಳಬೇಕು. ನಮ್ಮ ಎದುರು ಮನೆಯವರು ಈಗ ಹಾಗೆ ಮಾಡುತ್ತಿದ್ದಾರೆ.

೨೦೨೨ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಹದೇವಪುರದ ಕಡೆಗಳಲ್ಲಿ ಕೆರೆಗಳು ಉಕ್ಕಿ ನೆಲಮಾಳಿಗೆಗಳು ತುಂಬಿ, ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಿದ್ದನ್ನು ಎಲ್ಲರೂ ಬಲ್ಲರು. ಮುಳುಗಿದ್ದ ಬಂಡಿಗಳ ಡಿಕ್ಕಿಯಲ್ಲಿ ಮನೆಯ ಕಾಗದಪತ್ರಗಳಿವೆಯೆಂದು ಗುಂಡಿಯನ್ನು ಒತ್ತುವ ಆತುರ ಸಹಜವೇ. ನೀರು ಕುಡಿದ ಬಂಡಿಗೆ ವಿದ್ಯುತ್ತು ಕೊಡಕೂಡದು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿಸಿ, ಉಕ್ಕಿನ ಬೀಗದ ಕೈಯಿಂದಲೋ ಒಳಗಿನ ಕಿಂಡಿಯಿಂದಲೋ ತೆರೆಯಿಸಬೇಕು. ವಿದ್ಯುತ್ ಬಂಡಿಯಾಗಿದ್ದರೆ ತಯಾರಕರ ಕಡೆಯವರು ಬರುವವರೆಗೆ ಮುಟ್ಟಲೇಬಾರದು.

ಇಷ್ಟರವರೆಗೆ ಸಾಮಾನುಗಳ ಮಾತಾಯಿತು. ಮಕ್ಕಳ ಮಾತು ಬೇರೆ. ಕಣ್ಣಾಮುಚ್ಚಾಲೆಯಾಡುವ ಮಗುವಿಗೆ ಡಿಕ್ಕಿಯಷ್ಟು ಒಳ್ಳೆಯ ಅಡಗುದಾಣವು ಮತ್ತೊಂದು ತೋರದು. ೧೯೯೮ರ ಬೇಸಗೆಯಲ್ಲಿ ಅಮೆರಿಕ ದೇಶದಲ್ಲಿ ಕೆಲವೇ ವಾರಗಳ ಅವಧಿಯಲ್ಲಿ ಹನ್ನೊಂದು ಮಕ್ಕಳು ಹೀಗೆ ಡಿಕ್ಕಿಗಳೊಳಗೆ ಸಿಕ್ಕಿಕೊಂಡು ಮರಣ ಹೊಂದಿದರು. ಅದಕ್ಕೂ ಮುಂಚೆ, ೧೯೯೫ರಲ್ಲಿ, ಜಾನೆಟ್ ಫೆನೆಲ್ ಎಂಬ ಗೃಹಿಣಿಯನ್ನೂ ಆಕೆಯ ಪತಿಯನ್ನೂ ದುಷ್ಟರು ಅವರದೇ ಬಂಡಿಯ ಡಿಕ್ಕಿಯಲ್ಲಿ ಕೂಡಿಹಾಕಿದ್ದರು. ಕತ್ತಲೆಯಲ್ಲಿ ತಡಕಾಡಿ ಬೀಗದ ತಂತಿಯನ್ನು ಕಂಡುಹಿಡಿದು ಅವರು ಪಾರಾದರು. ಪಾರಾದ ಆಕೆ ಸುಮ್ಮನೆ ಕೂರದೆ ವರ್ಷಗಳ ಕಾಲ ಸರಕಾರವನ್ನು ಒತ್ತಾಯಿಸಿದುದರ ಫಲವಾಗಿ, ೨೦೦೧ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಡಿಕ್ಕಿಯುಳ್ಳ ಬಂಡಿಗಳಲ್ಲೆಲ್ಲ ಕತ್ತಲೆಯಲ್ಲಿ ಹೊಳೆಯುವ ಒಂದು ಹಿಡಿಯು ಒಳಗಡೆ ಇರಲೇಬೇಕೆಂಬ ವಿಧಿಯಾಯಿತು. ಎಳೆದರೆ ಡಿಕ್ಕಿಯು ಒಳಗಿನಿಂದಲೇ ತೆರೆಯುವುದು. ನಮ್ಮಲ್ಲಿ ಮಾರಾಟವಾಗುವ ಎಲ್ಲ ಬಂಡಿಗಳಲ್ಲಿಯೂ ಈ ಹಿಡಿಯಿರುವುದೆಂದು ನಂಬಕೂಡದು. ಇಂದೇ ತೆರೆದು ನೋಡಿರಿ, ಇದ್ದರೆ ಮಕ್ಕಳಿಗೆ ತೋರಿಸಿ ಎಳೆಸಿ ಕಲಿಸಿರಿ.

ಬೆಂಗಳೂರಿನ ಹವೆಯು ತಂಪೆಂಬ ಹೆಮ್ಮೆಯು ಇಲ್ಲಿ ಪ್ರಯೋಜನಕ್ಕೆ ಬಾರದು. ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಪರೀಕ್ಷೆಯೊಂದರಲ್ಲಿ, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಬಂಡಿಯ ಒಳಗಿನ ಶಾಖವು ಒಂದು ಗಂಟೆಯಲ್ಲಿ ಸರಾಸರಿ ೨೨ ಡಿಗ್ರಿ ಸೆಲ್ಸಿಯಸ್ ಏರಿತು. ಹೊರಗೆ ಹಿತವಾದ ಹವೆಯಿದ್ದ ದಿನಗಳಲ್ಲಿಯೂ ಏರಿಕೆಯು ಇಷ್ಟೇ ಇತ್ತು. ಆ ಏರಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಹೋಗುವುದು. ನೆರೆಯ ಆಂಧ್ರದ ವಿಜಯನಗರಂ ಬಳಿಯಲ್ಲಿ ೨೦೨೫ರ ಮೇ ತಿಂಗಳಲ್ಲಿ ನಾಲ್ವರು ಮಕ್ಕಳು ನಿಂತ ಬಂಡಿಯೊಳಗೆ ಆಡಲು ಹೋಗಿ, ಕದ ಬಿಗಿದುಕೊಂಡು ಉಸಿರು ಕಟ್ಟಿ ತೀರಿಕೊಂಡ ವಾರ್ತೆಯನ್ನು ಓದಿ ಕಣ್ಣು ಒದ್ದೆಯಾಗದವರಾರು? ಮಗು ಕಾಣದೆಂದು ಹುಡುಕುವಾಗ ಬಾವಿ, ಸಂಪು, ರಸ್ತೆಗಳೊಡನೆ ಅಂಗಳದ ಬಂಡಿಯನ್ನೂ ಅದರ ಡಿಕ್ಕಿಯನ್ನೂ ಮೊದಲೇ ನೋಡಬೇಕು. ಒಳಗೆ ಮಗುವಿದ್ದು ಡಿಕ್ಕಿ ತೆರೆಯದಿದ್ದರೆ ಮೇಲೆ ಹೇಳಿದ ಎಣ್ಣೆ, ಕಾಯುವಿಕೆ, ಜಾಣತನ ಯಾವುದೂ ಬೇಡ. ಹಿಂದಿನ ಕಿಟಕಿಯ ಗಾಜನ್ನು ಒಡೆದು ಒಳಹೊಕ್ಕು, ಆಸನದ ಒರಗನ್ನು ಕಿತ್ತಾದರೂ ಗಾಳಿಗೆ ದಾರಿ ಮಾಡಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ೧೧೨ಕ್ಕೆ ದೂರವಾಣಿ ಮಾಡಬೇಕು. ಆ ಹೊತ್ತಿನಲ್ಲಿ ಬಂಡಿಯ ಬೆಲೆಯನ್ನು ನೆನೆಯುವವರಿದ್ದರೆ ಅವರನ್ನು ಪಕ್ಕಕ್ಕೆ ಕಳುಹಿಸಿರಿ.

ಹಿಂದಿನಿಂದ ಏಟು ಬಿದ್ದು ಡಿಕ್ಕಿಯು ಜಜ್ಜಿಹೋಗಿದ್ದರೆ ಮನೆಯ ಉಪಾಯಗಳು ಸಾಗವು. ಕುಣಿಕೆಯೂ ಕೊಕ್ಕೆಯೂ ಒಂದಕ್ಕೊಂದು ನೇರ ತಪ್ಪಿರುತ್ತವೆ. ಟಿಂಕರಿಂಗ್ ಕೆಲಸದವರೇ ತಗಡನ್ನು ಹಿ೦ದಕ್ಕೆಳೆದು ಸರಿಮಾಡಬೇಕು. ವಿಮೆಯಿದ್ದಲ್ಲಿ ಮುಟ್ಟುವ ಮೊದಲು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ರಸ್ತೆಯ ಬದಿಯಲ್ಲಿ ಬೀಗದ ಕೈ ಮಾಡುವವರ ವಿಷಯವಾಗಿ ಕೆಲವರು ಸಂಶಯ ಪಡುವುದುಂಟು. ಅವರಲ್ಲಿ ನಿಪುಣರು ಬಹಳ. ಬಂಡಿಯು ನಿಮ್ಮದೇ ಎಂಬುದಕ್ಕೆ ಕಾಗದ ಕೇಳಿದವನನ್ನು ಹೆಚ್ಚು ನಂಬಬಹುದು, ಕೇಳದವನನ್ನು ಕಡಿಮೆ.

ಕೊನೆಯದಾಗಿ, ದುರಸ್ತಿಯಾದ ಡಿಕ್ಕಿಯನ್ನು ಸಂತೋಷದಿಂದ ಧಡಾರನೆ ಮುಚ್ಚಿ ಮತ್ತೆ ಸಿಕ್ಕಿಸಿಕೊಂಡವರು ಉಂಟು. ಹಾಗಾಗದಿರಲು ಮುಚ್ಚಳವು ಮೇಲೆದ್ದಿರುವಾಗಲೇ ಸ್ಕ್ರೂ ಡ್ರೈವರಿನ ತುದಿಯಿಂದ ಕೊಕ್ಕೆಯನ್ನು ಒಳಕ್ಕೆ ಒತ್ತಿ, ಮುಚ್ಚಿದಾಗಿನಂತೆ ಅದನ್ನು ತಿರುಗಿಸಿಡಬೇಕು. ಆಮೇಲೆ ಹಿಡಿಯನ್ನೆಳೆದು, ಗುಂಡಿಯನ್ನೊತ್ತಿ, ಬೀಗದ ಕೈಯನ್ನು ತಿರುಗಿಸಿ, ಮೂರು ರೀತಿಯಿಂದಲೂ ಕೊಕ್ಕೆಯು ಬಿಡುವುದೇ ಎಂದು ಒಂದೊಂದಾಗಿ ನೋಡಬೇಕು. ಕಾಡುಗೋಡಿಯ ಆ ಹುಡುಗನು ಹೊರಡುವ ಮುಂಚೆ ಮಳೆಯಲ್ಲಿಯೇ ನಿಂತು ಇದನ್ನು ನಾಲ್ಕು ಸಲ ಮಾಡಿ ನೋಡಿದನು. ಆಮೇಲೆಯೇ ಮುಚ್ಚಳವನ್ನು ಕೆಳಗಿಳಿಸಿದನು.